ತೊಡೆಯ ಮೇಲಿನ ಬೀಗದ ಕೈ

ಕಸ್ತೂರಿರಂಗ ಮುಂಗೋಪಿ ಅನ್ನುವುದು ಮದ್ದೂರಿನ ಪೇಟೆಬೀದಿಯಲ್ಲಿ ಎಲ್ಲರಿಗೂ ಗೊತ್ತು. ಹಾಲಿನವನ ಹತ್ತಿರ ಜಗಳ, ಮೀಟರ್ ನೋಡಲು ಬಂದವನ ಹತ್ತಿರ ಜಗಳ, ದಾರಿಗೆ ಅಡ್ಡ ನಿಲ್ಲಿಸಿದ ಆಟೋದವನ ಹತ್ತಿರ ಜಗಳ. ಆದರೆ ಅವನಿಗೆ ಜೀನ್ಸ್ ಹುಚ್ಚು ಅನ್ನುವುದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ಹೆಂಡತಿ ವೇದವತಿ. ಇನ್ನೊಬ್ಬ ಮಂಡ್ಯದಲ್ಲಿ ಸ್ಕೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ವಾಜಿದ್.

ಮದ್ದೂರಿನಿಂದ ಮಳವಳ್ಳಿ ರಸ್ತೆ ಹಿಡಿದು, ಕಬ್ಬಿನ ಗದ್ದೆಗಳ ನಡುವೆ ಒಳಕ್ಕೆ ತಿರುಗಿದರೆ ಕಲ್ಲುಕೊಪ್ಪಲು. ಅಲ್ಲಿನ ಗೋಪಾಲಸ್ವಾಮಿ ಗುಡಿಗೆ ಕಸ್ತೂರಿರಂಗ ಅರ್ಚಕ. ಅವನ ತಂದೆ ಸಾಯುವ ತನಕ ಅಲ್ಲೇ ಪೂಜೆ ಮಾಡಿದ್ದರು, ಆಮೇಲೆ ಇವನು. ಆದರೂ ಗುಡಿ ಊರಿನದು. ಊರಿನ ಸಮಿತಿ ನಾಳೆಯಿಂದ ಬೇಡ ಅಂದರೆ ಕಸ್ತೂರಿರಂಗನಿಗೆ ಆ ಬಾಗಿಲು ಮುಚ್ಚಿದ ಹಾಗೆ. ಬೇರೆ ಕೆಲಸ ಅವನಿಗೆ ಬರದು. ಬಂದರೂ ಆ ದೇವರನ್ನು ಬಿಟ್ಟಿರಲಾರ.

ದಿನಾ ಬೆಳಿಗ್ಗೆ ಜೀನ್ಸ್ ಪ್ಯಾಂಟು, ಅಂಗಿ ಹಾಕಿ ಸ್ಕೂಟರ್ ಹತ್ತುತ್ತಿದ್ದ. ಗುಡಿಯ ಹಿಂದಿನ ನಲ್ಲಿಯ ಹತ್ತಿರ ಪ್ಯಾಂಟು ಕಳಚಿ, ತಲೆಗೆ ನೀರು ಸುರಿದುಕೊಂಡು, ಗುಡಿಯ ಹಿಂದಿನ ಕೋಣೆಯಲ್ಲಿ ಒಣಗಿಸಿಟ್ಟ ಮಡಿ ಪಂಚೆ ಉಟ್ಟು ಬಾಗಿಲು ತೆಗೆಯುತ್ತಿದ್ದ. ಪೂಜೆ ಮುಗಿದ ಮೇಲೆ ಮತ್ತೆ ಪ್ಯಾಂಟು. ಇದನ್ನು ಊರಿನವರೂ ನೋಡುತ್ತಿದ್ದರು, ಯಾರೂ ತಪ್ಪು ಎಣಿಸಲಿಲ್ಲ. ಗಾಡಿ ಓಡಿಸುವವನಿಗೆ ಪ್ಯಾಂಟು ಅನುಕೂಲ, ಅಷ್ಟೆ. ಆ ಪ್ಯಾಂಟನ್ನು ಒಗೆಯದೆ ಒಂದು ವರ್ಷ ದಾಟಿತ್ತು ಅನ್ನುವುದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಮಳವಳ್ಳಿಯಲ್ಲಿ ಹಳೇ ಬಟ್ಟೆ ಅಂಗಡಿಯೊಂದು ಮುಚ್ಚಿದಾಗ, ಅಟ್ಟದಲ್ಲಿ ಉಳಿದಿದ್ದ ಮಾಲನ್ನು ವಾಜಿದ್ ಗೋಣಿಚೀಲದಲ್ಲಿ ತುಂಬಿಕೊಂಡು ಬಂದಿದ್ದ. ಅದರಲ್ಲಿ ಸಿಕ್ಕಿದ್ದು ಈ ಜೀನ್ಸ್. ಮೂವತ್ತು ವರ್ಷದ ಹಿಂದೆ ಹೊಲಿದದ್ದು, ಯಾರೂ ಕಾಲು ತೂರಿಸದ್ದು, ನೀರೇ ಕಾಣದ್ದು. ಬಟ್ಟೆ ಎಷ್ಟು ಗಡಸು ಅಂದರೆ ನೆಲದ ಮೇಲೆ ಇಟ್ಟರೆ ಆಳಿಲ್ಲದೆ ತಾನೇ ನಿಲ್ಲುತ್ತಿತ್ತು. ಅಂಥದ್ದನ್ನು ಒಗೆಯಬಾರದು ಅನ್ನುವುದು ಜೀನ್ಸ್ ಹುಚ್ಚಿನವರ ಕಟ್ಟಳೆ. ತಿಂಗಳುಗಟ್ಟಲೆ ತೊಟ್ಟುಕೊಂಡೇ ಓಡಾಡಬೇಕು, ಬಿಸಿಲಿಗೆ ಹರವಬೇಕು, ನೀರಿಗೆ ಮಾತ್ರ ಹಾಕಬಾರದು. ಮೊಣಕಾಲು ಮಡಿಚುವ ಕಡೆ, ಜೇಬಿನಲ್ಲಿ ಫೋನು ಕೂರುವ ಕಡೆ ನೀಲಿ ಸವೆದು ಬೆಳ್ಳಗಿನ ಗುರುತು ಏಳುತ್ತದೆ. ಅವರಿಗೆ ಆ ಗುರುತೇ ಒಡವೆ.

ವಾಜಿದ್ ಫೋನಿನಲ್ಲಿ ‘ನೀಲಿ ಬಳಗ’ ಅಂತ ಒಂದು ಗುಂಪು ಮಾಡಿದ್ದ. ಮಂಡ್ಯ, ಮದ್ದೂರು, ಮಳವಳ್ಳಿಯ ಇಂಥ ಹುಚ್ಚರೆಲ್ಲ ಅದರಲ್ಲಿದ್ದರು. ಬೆಳಗಾದರೆ ಇವತ್ತು ಯಾವ ಪ್ಯಾಂಟಿಗೆ ಯಾವ ಅಂಗಿ ಅಂತ ಫೋಟೋ ಹಾಕುವುದು, ಒಬ್ಬರದನ್ನೊಬ್ಬರು ಹೊಗಳುವುದು, ಕಾಲೆಳೆಯುವುದು. ದುದ್ದದ ಕಡೆಯ ಟ್ರಾಕ್ಟರ್ ಡ್ರೈವರ್ ಅಂಬರೀಶ್ ಬೀಡಿಕಟ್ಟಿನ ಗುರುತು ಮೂಡಿದ್ದ ಜೇಬು ತೋರಿಸುತ್ತಿದ್ದ. ಗೆಜ್ಜಲಗೆರೆಯ ಗಾರ್ಮೆಂಟ್ಸಿನಲ್ಲಿ ಜೀನ್ಸ್ ಹೊಲಿಯುವ ಶೋಭಿತಾ ಅನ್ನುವ ಹುಡುಗಿ, ಹಳೇ ಪ್ಯಾಂಟು ಬಿಚ್ಚಿ ತಾನೇ ಹೊಲಿದುಕೊಂಡ ಜಾಕೆಟ್ ತೋರಿಸುತ್ತಿದ್ದಳು. ಕಸ್ತೂರಿರಂಗ ಅಲ್ಲಿ ಬರೀ ‘ಕಸ್ತೂರಿ’. ಕತ್ತಿನಿಂದ ಕೆಳಗಿನ ಫೋಟೋ ಮಾತ್ರ ಹಾಕುತ್ತಿದ್ದ. ಅವನು ಅರ್ಚಕ ಅನ್ನುವುದು ವಾಜಿದ್‌ಗೆ ಬಿಟ್ಟು ಯಾರಿಗೂ ತಿಳಿಯದು.

ಶ್ರಾವಣದ ಒಂದು ಶುಕ್ರವಾರ ಬೆಳಿಗ್ಗೆ ಅಂಬರೀಶ್ ಗುಂಪಿನಲ್ಲಿ ಬರೆದ: “ಕಸ್ತೂರಣ್ಣನ ಪ್ಯಾಂಟಲ್ಲಿ ವರ್ಸ ಆದ್ರೂ ಏನೂ ಎದ್ದಿಲ್ಲ ಕಣ್ರಲಾ. ಕೂತ್ಕಡೆಯಿಂದ ಏಳದೇ ಇಲ್ವೇನೋ.”

ಕಸ್ತೂರಿರಂಗನಿಗೆ ಉರಿದುಹೋಯಿತು. ಪೂಜೆ ಮುಗಿಸಿ ಪ್ಯಾಂಟು ಹಾಕಿಕೊಂಡು ಗುಡಿಯ ಹಿಂದೆ ನಿಂತಿದ್ದ. ಇಲ್ಲಿಯ ತನಕ ಯಾರಿಗೂ ತೋರಿಸದೆ ದೀಪಾವಳಿಗೆ ಅಂತ ಬಚ್ಚಿಟ್ಟಿದ್ದ ಗುರುತು ಅವನ ಬಲತೊಡೆಯ ಮೇಲಿತ್ತು. ಉದ್ದ ಹೆಚ್ಚಾಗಿದ್ದ ಪ್ಯಾಂಟಿನ ಕಾಲುತುದಿ ಕತ್ತರಿಸಿದಾಗ, ಆ ತುಂಡಿನಲ್ಲೇ ತೊಡೆಯ ಮೇಲೆ ಒಂದು ಉದ್ದನೆಯ ಇಕ್ಕಟ್ಟು ಜೇಬು ಹೊಲಿಸಿದ್ದ. ಗರ್ಭಗುಡಿಯ ಬೀಗದ ಕೈ ಅಳತೆಗೆ ಸರಿಯಾಗಿ. ಗೇಣುದ್ದದ ಕಬ್ಬಿಣದ ಬೀಗದ ಕೈ, ಹಿಡಿಯ ಕಡೆ ಶಂಖದ ಆಕಾರ. ಒಂದು ವರ್ಷ ಸ್ಕೂಟರ್ ಮೇಲೆ ಉಜ್ಜಿ ಉಜ್ಜಿ ಶಂಖ, ಕಾಂಡ, ಹಲ್ಲು ಎಲ್ಲ ನೀಲಿಯ ಮೇಲೆ ಬೆಳ್ಳಗೆ ಅಚ್ಚೊತ್ತಿದ್ದವು.

ಹತ್ತಿರದಿಂದ ಫೋಟೋ ಹೊಡೆದ. ಕೆಳಗೆ ಬರೆದ: ‘ಒಂದು ವರ್ಷ ದಾಟಿತು. ಒಂದು ಹನಿ ನೀರು ಮುಟ್ಟಿಸಿಲ್ಲ. ನಿಮ್ಮ ಬೀಡಿಕಟ್ಟು ಪಕ್ಕಕ್ಕಿಡಿ.’

ಗುಂಪು ಹುಚ್ಚೆದ್ದಿತು. ಕಸ್ತೂರಿರಂಗ ಮದ್ದೂರಿಗೆ ಬರುವ ದಾರಿಯಲ್ಲಿ ಟೀ ಅಂಗಡಿಯಲ್ಲಿ ನಿಂತು, ಒಂದೊಂದೇ ಹೊಗಳಿಕೆ ಓದುತ್ತ ಟೀ ಆರಲು ಬಿಟ್ಟ. ಆಮೇಲೆ ಶೋಭಿತಾಳ ಮಾತು ಬಂತು.

‘ಅಣ್ಣ, ಈ ಶಂಖದ ಬೀಗದ ಕೈ ನಮ್ಮೂರ ಗೋಪಾಲಸ್ವಾಮಿ ಗುಡಿದಿದ್ದಂಗೈತೆ. ನೀವು ಯಾವೂರು?’

ಟೀ ಲೋಟ ಹಾಗೇ ಇಟ್ಟ. ನಮ್ಮೂರು ಅಂದರೆ ಕಲ್ಲುಕೊಪ್ಪಲು. ಕಲ್ಲುಕೊಪ್ಪಲಿನ ಶೋಭಿತಾ ಅಂದರೆ ಗುಡಿ ಸಮಿತಿಯ ಮುಖಂಡ ಚಿಕ್ಕಬೋರಯ್ಯನ ಮಗಳು. ಬೆಳಿಗ್ಗೆ ಇವನು ಬರುವ ಮೊದಲೇ ಫ್ಯಾಕ್ಟರಿ ಬಸ್ಸಿಗೆ ಹೋಗುವವಳು. ಇಷ್ಟು ದಿನ ಅದು ಇವನ ತಲೆಗೇ ಹೊಳೆದಿರಲಿಲ್ಲ.

ಫೋಟೋ ಅಳಿಸಿದ. ಅಳಿಸಿದ ಮೇಲೆ ಇನ್ನೂ ಹೆಚ್ಚು ಹೆದರಿಕೆಯಾಯಿತು. ಮನೆಗೆ ಹೋಗಲು ಮನಸ್ಸಾಗದೆ ಸ್ಕೂಟರನ್ನು ಮಂಡ್ಯದ ಕಡೆ ತಿರುಗಿಸಿದ. ಹೆದ್ದಾರಿಯಲ್ಲಿ ಗೆಜ್ಜಲಗೆರೆ ದಾಟುವಾಗ ಫ್ಯಾಕ್ಟರಿ ಗೇಟುಗಳ ಕಡೆ ತಿರುಗಿಯೂ ನೋಡಲಿಲ್ಲ.

ವಾಜಿದ್ ಒಂದು ಸ್ಕೂಟರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ.

“ಎಲ್ಲಾ ನಿನ್ನಿಂದ ಆಗಿದ್ದು,” ಅಂದ ಕಸ್ತೂರಿರಂಗ, ಗಾಡಿ ಇಳಿಯುವ ಮೊದಲೇ.

“ನಾನೇನ್ ಮಾಡ್ದೆ ಸ್ವಾಮಿ? ಬೆಳಗಿಂದ ಈ ಕಾರ್ಬೊರೇಟರ್ ಬಿಟ್ಟು ತಲೆ ಎತ್ತಿಲ್ಲ.”

“ಆ ಹುಡುಗಿನ ಗುಂಪಿಗೆ ಸೇರಿಸಿದ್ದು ಯಾರು?”

“ಊರು ಕೇಳಿ ಸೇರಿಸ್ಕೋಬೇಕಾಗಿತ್ತಾ? ಒಳ್ಳೆ ಜಾಕೆಟ್ ಹೊಲೀತಾಳೆ, ಸೇರಿಸ್ಕಂಡೆ.” ವಾಜಿದ್ ಕೈ ಒರೆಸಿಕೊಂಡ. “ಜೀನ್ಸ್ ಹಾಕೋದು ಊರೋರಿಗೆ ಗೊತ್ತಲ್ವಾ. ಈಗೇನಾಯ್ತು?”

“ಒಗೆದಿಲ್ಲ ಅಂತ ಬರೆದೆನಲ್ಲಯ್ಯ. ಗರ್ಭಗುಡಿ ಬೀಗದ ಕೈ ಅದರೊಳಗೆ ಇರುತ್ತೆ ಅಂತ ಫೋಟೋ ಸಮೇತ ತೋರಿಸಿದೆನಲ್ಲ. ಮೈಲಿಗೆ ಬಟ್ಟೆ ಒಳಗೆ ದೇವರ ಬೀಗದ ಕೈ. ಇದಕ್ಕಿಂತ ಇನ್ನೇನು ಬೇಕು ಅವರಿಗೆ?”

ವಾಜಿದ್ ಸ್ಪ್ಯಾನರ್ ಕೆಳಗಿಟ್ಟ. “ರಾತ್ರಿ ಹೊತ್ತು ಎಲ್ಲಿಡ್ತೀರಿ ಬೀಗದ ಕೈನ?”

“ಅದರಲ್ಲೇ. ಹಿತ್ತಲ ಕೊಟ್ಟಿಗೆಯಲ್ಲಿ, ಮೊಳೆಗೆ ನೇತುಹಾಕ್ತೀನಿ. ಪ್ಯಾಂಟನ್ನ ವೇದ ಒಳಗೆ ಬಿಟ್ಕೊಳ್ಳಲ್ಲ.” ಆಮೇಲೆ ದನಿ ಏರಿಸಿದ. “ಆದ್ರೆ ದಿನಾ ನನ್ನ ಜೊತೆ ಅದಕ್ಕೂ ಸ್ನಾನ ಮಾಡಿಸ್ತೀನಿ. ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದೇ ಬಾಗಿಲು ತೆಗೆಯೋದು. ಒಂದು ದಿನ ತಪ್ಪಿಸಿಲ್ಲ.”

“ಹಂಗಂತ ಹೇಳಿ ಅವರಿಗೆ.”

“ನಂಬ್ತಾರೇನು?”

“ನಂಬದೇ ಇದ್ರೂ ನಿಜ ತಾನೆ.”

“ನಿನಗೇನು, ಹೇಳ್ತೀಯ. ಹೋಗೋದು ನನ್ನ ಗುಡಿ. ನಾನು ಒಗೆದುಬಿಡ್ತೀನಿ ಇದನ್ನ. ಒಗೆದ ಬಟ್ಟೆ ಅಂತ ನಾಳೆ ಮುಖ ಎತ್ತಿ ಹೇಳ್ತೀನಿ.”

ವಾಜಿದ್ ಎದ್ದೇ ನಿಂತ. “ಒಗೆದ್ರೆ ಗುರುತು ಇನ್ನೂ ಎದ್ದು ಕಾಣುತ್ತೆ, ನಿಮಗೂ ಗೊತ್ತು. ಒಗೀಲೇಬೇಕು ಅಂದ್ರೆ ತಣ್ಣೀರಲ್ಲಿ ಅದ್ದಿ ತೆಗೀರಿ. ಬಿಸಿನೀರು ತೋರಿಸ್ಬೇಡಿ. ಆ ಕಾಲದ ಬಟ್ಟೆ, ಕುಗ್ಗಿ ಮುದುರ್ಕಳತ್ತೆ.”

“ನಿನ್ನ ಬುದ್ಧಿಮಾತು ಸಾಕು,” ಅಂದು ಕಸ್ತೂರಿರಂಗ ಅಲ್ಲೇ ನಿಂತು ಗುಂಪಿನಿಂದ ಹೊರಬಿದ್ದ. ವಾಜಿದ್ ಕೊಟ್ಟ ನೀರೂ ಕುಡಿಯದೆ ಗಾಡಿ ಒದ್ದ.

ಸಂಜೆಗೆ ಚಿಕ್ಕಬೋರಯ್ಯನ ಫೋನು ಬಂತು. ಮಾತು ಹೆಚ್ಚಿರಲಿಲ್ಲ.

“ಅಯ್ನೋರೆ, ನಾಳಿಕೆ ವಸಿ ಬೇಗ್ನೆ ಬನ್ನಿ. ಬೀಗದ್ ಕೈ ವಿಚಾರ ಮಾತಾಡ್ಬೇಕು.”

“ಏನು ವಿಚಾರ?”

“ಎದುರಾ ಎದುರು ಮಾತಾಡವ ಬುಡಿ.”

ಫೋನಿಟ್ಟ ಮೇಲೆ ಕಸ್ತೂರಿರಂಗ ಕೂರಲಾರ, ನಿಲ್ಲಲಾರ. ಹಜಾರಕ್ಕೂ ಹಿತ್ತಲಿಗೂ ತಿರುಗಿದ. ವೇದವತಿ ಕೊಟ್ಟ ಕಾಫಿ ಸಕ್ಕರೆ ಜಾಸ್ತಿ ಅಂತ ರೇಗಿದ. ಅದನ್ನೇ ಪೂರ್ತಿ ಕುಡಿದ. ಕೊನೆಗೆ ಹಿತ್ತಲಿನ ಒಲೆ ಹೊತ್ತಿಸಿ, ಹಂಡೆ ತುಂಬ ನೀರು ಕುದಿಸಿ, ದೊಡ್ಡ ಬಕೆಟ್ಟಿಗೆ ಸುರಿದು, ಸೋಪಿನ ಪುಡಿ ಎರಚಿದ. ಮೊಳೆಯಲ್ಲಿದ್ದ ಪ್ಯಾಂಟನ್ನು ಕೋಲಿನಿಂದಲೇ ಎತ್ತಿ ಅದರೊಳಗೆ ಕೆಡವಿ, ಅದೇ ಕೋಲಿನಿಂದ ತುಳುಕುವ ಹಾಗೆ ಅದುಮಿದ. ನೀರು ಒಂದೇ ಗಳಿಗೆಗೆ ಕಡುನೀಲಿಯಾಯಿತು. ಒಂದು ವರ್ಷದ ಬಣ್ಣ ಕಣ್ಣೆದುರಿಗೆ ಕರಗುವುದನ್ನು ನೋಡಲಾರದೆ ಮುಖ ತಿರುಗಿಸಿದ.

ವೇದವತಿ ಹಿತ್ತಲ ಬಾಗಿಲಲ್ಲಿ ಬಂದು ನಿಂತಳು. “ಯಾರು ಹೋಗಿಬಿಟ್ರು?”

“ಯಾರೂ ಹೋಗಿಲ್ಲ.”

“ಮತ್ತೆ ಆ ಪ್ಯಾಂಟಿಗೆ ಸ್ನಾನ ಯಾಕೆ? ಒಂದು ವರ್ಷ ನಾನು ಬಡ್ಕೊಂಡೆ, ಆಗ ಆಗಲಿಲ್ಲ.”

“ಒಗೀದಿದ್ರೂ ತಪ್ಪು, ಒಗೆದ್ರೂ ತಪ್ಪು. ಒಳಗೆ ಹೋಗು ನೀನು.”

ಅವಳು ಹೋಗಲಿಲ್ಲ. ಸಂಜೆಯ ಫೋನು ಅವಳ ಕಿವಿಗೂ ಬಿದ್ದಿತ್ತು. “ಗುಡಿ ವಿಷಯವೇನ್ರೀ?” ಅಂದಳು ಮೆಲ್ಲಗೆ. ಅವನು ಎಲ್ಲ ಹೇಳಿದ. ಕೇಳಿಸಿಕೊಂಡು, “ಬೀಗದ ಕೈನ ದೇವರ ಮುಂದೆ ಇಡಿ ಅಂತ ಎಷ್ಟು ಸಲ ಹೇಳಿದ್ದೆ,” ಅಂದಳು. ಅವನು ಕೋಲನ್ನು ಬಕೆಟ್ಟಿನಲ್ಲೇ ಬಿಟ್ಟು ಒಳಗೆ ನಡೆದ.

ಶನಿವಾರ. ಶ್ರಾವಣ ಶನಿವಾರ ಅಂದರೆ ಊರಿಗೆ ಊರೇ ಗುಡಿ ಮುಂದೆ. ಕಸ್ತೂರಿರಂಗ ಅವತ್ತು ಮನೆಯಲ್ಲೇ ಮಿಂದು, ಮಡಿ ಪಂಚೆ ಉಟ್ಟು, ಶಲ್ಯ ಹೊದ್ದು, ದೊಡ್ಡದಾಗಿ ನಾಮ ಹಾಕಿಕೊಂಡು ಸ್ಕೂಟರ್ ಹತ್ತಿದ. ಪಂಚೆ ಗಾಳಿಗೆ ಹಾರುತ್ತಿತ್ತು. ಒಂದು ಕೈಯಲ್ಲಿ ಅದನ್ನು ಹಿಡಿದು, ಒಂದು ಕೈಯಲ್ಲಿ ಗಾಡಿ ಓಡಿಸಿದ. ದಾರಿಯುದ್ದಕ್ಕೂ ಚಿಕ್ಕಬೋರಯ್ಯನಿಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದ. ಅರ್ಧ ದಾರಿಯಲ್ಲಿ ಆ ಮಾತು ಜಗಳವಾಗಿ ಹೋಯಿತು, ಮತ್ತೆ ಮೊದಲಿನಿಂದ ಶುರು ಮಾಡಿದ.

ಚಿಕ್ಕಬೋರಯ್ಯ ಗುಡಿಯ ಜಗಲಿಯ ಮೇಲೆ ಕೂತಿದ್ದ. ತುಳಸಿ, ಹೂವು, ತುಪ್ಪದ ಬಟ್ಟಲು ಹಿಡಿದ ಹೆಂಗಸರು ಆಗಲೇ ನಿಂತಿದ್ದರು. ಮಂಗಳಮ್ಮ ಅನ್ನುವ ಮುದುಕಿ ಕಸ್ತೂರಿರಂಗನನ್ನು ಮೇಲಿಂದ ಕೆಳಗೆ ನೋಡಿ, “ಇವತ್ತು ಮದ್ವೆಗಂಡು ಕಂಡಂಗ್ ಕಾಣ್ತಾವ್ರೆ ನಮ್ಮ ಅಯ್ನೋರು,” ಅಂದಳು.

ಕಸ್ತೂರಿರಂಗ ಯಾರ ಮುಖವೂ ನೋಡದೆ ನೇರ ಬಾಗಿಲಿಗೆ ಹೋದ. ಬಲಗೈ ತನ್ನಷ್ಟಕ್ಕೆ ತಾನೇ ಬಲತೊಡೆಗೆ ಹೋಯಿತು. ಅಲ್ಲಿ ಪಂಚೆ ಮಾತ್ರ ಇತ್ತು. ಕೈ ಮತ್ತೊಂದು ಸಲ ತಡವಿತು. ಸೊಂಟ ಮುಟ್ಟಿಕೊಂಡ. ಶಲ್ಯದ ಗಂಟು ನೋಡಿಕೊಂಡ. ಆಮೇಲೆ ಬಾಗಿಲ ಕಡೆ ಮುಖ ಮಾಡಿಯೇ ಸುಮ್ಮನೆ ನಿಂತುಬಿಟ್ಟ. ಬೀಗದ ಕೈ ಬಕೆಟ್ಟಿನಲ್ಲಿತ್ತು.

“ಏನಾಯ್ತು ಅಯ್ನೋರೆ?” ಹಿಂದಿನಿಂದ ಚಿಕ್ಕಬೋರಯ್ಯ.

“ಮರೆತು ಬಂದೆ.”

“ಏನ್ನ?”

“ಬೀಗದ ಕೈನ.”

ಕಸ್ತೂರಿರಂಗ ಗುಡಿಯ ಹಿಂದಕ್ಕೆ ಹೋಗಿ ಮನೆಗೆ ಫೋನು ಮಾಡಿದ. ವೇದವತಿ ನೋಡಿ ಹೇಳ್ತೀನಿ ಅಂದು ಇಟ್ಟಳು. ಮತ್ತೆ ಅವಳೇ ಮಾಡಿದಳು.

“ಸಿಕ್ತು ರೀ. ಆದ್ರೆ ಬರ್ತಾ ಇಲ್ಲ.”

“ಬರ್ತಾ ಇಲ್ಲ ಅಂದ್ರೆ?”

“ಜೇಬು ಕಚ್ಕೊಂಡುಬಿಟ್ಟಿದೆ. ಪ್ಯಾಂಟು ಮಗುದರಷ್ಟಾಗಿದೆ. ಎಳೆದೂ ಎಳೆದೂ ನನ್ನ ಬೆರಳು ನೀಲಿ ಆಯ್ತು.”

“ಹಾಗೇ ತಗೊಂಡು ಬಾ. ಆಟೋ ಹಿಡಿ.”

ಅವಳು ಬರುವ ತನಕ ಕಸ್ತೂರಿರಂಗ ನಲ್ಲಿಗೂ ಹುಣಸೆ ಮರಕ್ಕೂ ಓಡಾಡಿದ. ಬಿಸಿಲು ಏರುತ್ತಿತ್ತು. ಒಳಗೆ ದೇವರಿಗೆ ಇನ್ನೂ ಬೆಳಗಾಗಿರಲಿಲ್ಲ. ಶ್ರಾವಣ ಶನಿವಾರ ಇಷ್ಟು ಹೊತ್ತಿನ ತನಕ ಆ ಬಾಗಿಲು ಮುಚ್ಚಿದ್ದು ಅವನ ತಂದೆಯ ಕಾಲದಲ್ಲಿ ಒಂದು ಸಲವೂ ಇಲ್ಲ. ಅದು ನೆನಪಾದಾಗ ಕೈ ಮತ್ತೆ ತೊಡೆಗೆ ಹೋಯಿತು.

ನೀಲಿ ಜಾಕೆಟ್ ಹಾಕಿ, ಊಟದ ಚೀಲ ಹಿಡಿದ ಹುಡುಗಿಯೊಬ್ಬಳು ಹುಣಸೆ ಮರದ ಹತ್ತಿರ ಬಂದು ನಿಂತಳು. ಆ ಜಾಕೆಟ್ಟಿನ ಒಂದೊಂದು ಹೊಲಿಗೆಯೂ ಅವನಿಗೆ ಫೋಟೋದಲ್ಲಿ ಪರಿಚಯ.

“ಕಸ್ತೂರಣ್ಣ ಅಂದ್ರೆ ನೀವೇಯಾ?” ಅಂದಳು ಶೋಭಿತಾ.

“ಹೌದು. ಈಗ ಖುಷಿಯಾಯ್ತಾ? ನಿನ್ನ ಅಪ್ಪನ ಮುಂದೆ ಇಟ್ಟೆಯಲ್ಲ.”

“ನಾನೇನ್ ಏಳ್ಲಿಲ್ಲ. ಚೆಂದಾಗದೆ ಅಂತ ನೀವು ಅಳ್ಸದ್ಕೆ ಮುಂಚೆನೇ ಫೋಟೋನ ಬರೆದಿದ್ದ ಸಮೇತ ಇಳಿಸ್ಕಂಡಿದ್ದೆ. ಸಂಜೆ ಮನೇಲಿ ನೋಡ್ತಾ ಕುಂತಿದ್ದೆ, ಅಪ್ಪ ಹಿಂದ್ಗಡೆಯಿಂದ ಬಗ್ಗಿ ನೋಡ್ಬುಡ್ತು.” ಅವಳ ಮುಖ ಸಣ್ಣದಾಗಿತ್ತು. “ಗುಂಪಲ್ಲಿ ಕೇಳ್ಬಾರ್ದಾಗಿತ್ತು. ತಪ್ಪಾಯ್ತು. ಬಸ್ಸು ಬುಟ್ಟೇ ನಿಂತಿವ್ನಿ.”

ಅಷ್ಟರಲ್ಲಿ ಆಟೋ ಬಂತು. ವೇದವತಿ ಇಳಿದಳು, ಕೈಯಲ್ಲಿ ಪ್ಲಾಸ್ಟಿಕ್ ಬಕೆಟ್ಟು. ಗುಡಿಯ ಮುಂದೆ ನಿಂತ ಅಷ್ಟೂ ಜನರ ನಡುವೆ ಬಕೆಟ್ಟು ಇಳಿಸಿ, ಮುದುರಿ ಮುದ್ದೆಯಾದ ಒದ್ದೆ ಪ್ಯಾಂಟನ್ನು ಎತ್ತಿ ಹಿಡಿದಳು. ನೀಲಿ ನೀರು ಜಗಲಿ ಕಲ್ಲಿನ ಮೇಲೆ ತೊಟ್ಟಿಕ್ಕಿತು. ಒಗೆದ ಮೇಲೆ ಗುರುತು ಸುಣ್ಣದಲ್ಲಿ ಬರೆದಷ್ಟು ಬಿಳುಪಾಗಿತ್ತು. ಶಂಖ, ಕಾಂಡ, ಹಲ್ಲು. ಅದರ ಒಳಗೆ ಅದೇ ಆಕಾರದ ಕಬ್ಬಿಣ.

ಯಾರೂ ನಗಲಿಲ್ಲ. ಮಂಗಳಮ್ಮ ಮಾತ್ರ, “ಅಯ್ಯೋ ನಮ್ಮಪ್ಪ, ದ್ಯಾವ್ರ ಬೀಗದ್ ಕೈನ ಚಡ್ಡಿಯೊಳಗೆ ಇಟ್ಕಂಡವ್ರಲ್ಲ,” ಅಂದಳು.

ಚಿಕ್ಕಬೋರಯ್ಯ ಎದ್ದು ಬಂದ. “ಇದ್ನೇ ನಾನು ಕೇಳ್ಬೇಕು ಅಂದಿದ್ದು. ವರ್ಸದಿಂದ ಒಗೆದಿರ್ನಿಲ್ವಂತೆ?”

ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತು. “ಇಲ್ಲ, ಒಗೆದಿರಲಿಲ್ಲ,” ಅಂದ ಕಸ್ತೂರಿರಂಗ. “ನಿನ್ನೆ ಹೆದರಿ ಒಗೆದೆ. ಬೀಗದ ಕೈ ಇದರಲ್ಲೇ ಇತ್ತು, ರಾತ್ರಿನೂ ಇದರಲ್ಲೇ. ದಿನಾ ಹುಣಸೆಹಣ್ಣಲ್ಲಿ ತೊಳೆದೇ ಬಾಗಿಲು ತೆಗೆದಿದ್ದೀನಿ. ನಂಬೋದು ಬಿಡೋದು ನಿಮ್ಮಿಷ್ಟ. ಮೊದಲು ಬಾಗಿಲು ತೆಗೀಬೇಕು, ಆಮೇಲೆ ಬೇಕಾದ್ದು ಮಾಡಿ.”

ಯಾರೋ ಕುಡುಗೋಲು ತಂದರು. ಚಿಕ್ಕಬೋರಯ್ಯ ಅದರಿಂದ ಜೇಬು ಕುಯ್ಯಲು ಹೋದಾಗ ಶೋಭಿತಾ ಅಪ್ಪನ ಕೈ ಹಿಡಿದಳು.

“ಬಟ್ಟೆ ಕುಯ್ಬೇಡ ಕಣಪ್ಪ. ಒಲಿಗೆ ಬಿಚ್ತೀನಿ, ಕೊಡು. ಕಿತ್ತಂಗೂ ಗೊತ್ತಾಗದಿಲ್ಲ.”

“ಎಷ್ಟೊತ್ತು?”

“ಒದ್ದೆ ದಾರ, ಕಚ್ಕಂಡದೆ. ವಸಿ ಒತ್ತಾಯ್ತದೆ.”

ಕಸ್ತೂರಿರಂಗ ಅವಳನ್ನು ನೋಡಿದ. ಅಲ್ಲಿದ್ದವರಲ್ಲಿ ಆ ಗುರುತಿನ ಬೆಲೆ ಗೊತ್ತಿದ್ದದ್ದು ಅವಳೊಬ್ಬಳಿಗೆ. ಅವಳ ಉಗುರು ಆಗಲೇ ಹೊಲಿಗೆಯ ತುದಿ ಹುಡುಕುತ್ತಿತ್ತು. ಆಚೆ ಹೆಂಗಸರ ಕೈಯಲ್ಲಿ ತುಳಸಿ ಬಾಡುತ್ತಿತ್ತು. ಅವನು ಚಿಕ್ಕಬೋರಯ್ಯನ ಕೈಯಿಂದ ಕುಡುಗೋಲು ಕಿತ್ತುಕೊಂಡ. ಶಂಖದ ತಲೆಯಿಂದ ಹಲ್ಲಿನ ತನಕ ಒಂದೇ ಎಳೆತ. ಒದ್ದೆ ಬಟ್ಟೆ ಬಾಯಿಬಿಟ್ಟಿತು. ಶೋಭಿತಾ ‘ಸ್’ ಅಂದು ಮುಖ ಆಚೆ ಮಾಡಿದಳು.

ಬೀಗದ ಕೈಯೂ ನೀಲಿಯಾಗಿತ್ತು. ಅದನ್ನು ಹಿಡಿದುಕೊಂಡು ನಲ್ಲಿಯ ಕೆಳಗೆ ಕೂತ. ಉಟ್ಟ ಮಡಿ ಪಂಚೆಯ ಮೇಲೇ ತಲೆಗೆ ನೀರು ಸುರಿದುಕೊಂಡ. ಹಿಂದಿನ ಕೋಣೆಯ ಗೂಡಿನಿಂದ ಹುಣಸೆಹಣ್ಣಿನ ಉಂಡೆ ತೆಗೆದ. ಅದು ದಿನಾ ಅಲ್ಲೇ ಇರುತ್ತಿತ್ತು, ಒಣಗಿದ ತೊಗಟೆ ಸಮೇತ. ಹಲ್ಲಿನ ಸಂದು ಬಿಡದೆ ಉಜ್ಜಿದ. ಅವನ ಬೆನ್ನಿಗೆ ನಿಂತು ಚಿಕ್ಕಬೋರಯ್ಯ ಗೂಡನ್ನೂ, ಹುಣಸೆಹಣ್ಣನ್ನೂ, ಬೆಳ್ಳಗಾಗುತ್ತಿದ್ದ ಕಬ್ಬಿಣವನ್ನೂ ನೋಡುತ್ತಿದ್ದ.

ಪೂಜೆ ನಡೆಯಿತು. ಅವತ್ತು ಮಂಗಳಾರತಿ ಹೊತ್ತಿಗೆ ಕಸ್ತೂರಿರಂಗನ ದನಿ ಎಂದಿಗಿಂತ ಒರಟಾಗಿತ್ತು. ಜನ ಕರಗಿದ ಮೇಲೆ ಬಾಗಿಲಿಗೆ ಬೀಗ ಹಾಕಿ ತಿರುಗಿದರೆ, ಚಿಕ್ಕಬೋರಯ್ಯ ಅಂಗೈ ಚಾಚಿ ನಿಂತಿದ್ದ.

“ಪೂಜೆ ನೀವೇ ಮಾಡಿ. ತೊಳೀತಿದ್ರಿ ಅನ್ನದ್ನ ಕಣ್ಣಾರೆ ಕಂಡೆ. ಆದ್ರೆ ಇದು ಇನ್ಮೇಕೆ ನಮ್ಮನೇಲಿರ್ಲಿ. ದಿನಾ ಬಂದು ಇಸ್ಕಳಿ, ದಿನಾ ತಂದು ಕೊಡಿ.”

“ಅಂದ್ರೆ ನನ್ನ ಮೇಲೆ ನಂಬಿಕೆ ಇಲ್ಲ.”

“ನಿಮ್ಮ ಮ್ಯಾಲದೆ. ನಿಮ್ ಜೇಬಿನ್ ಮ್ಯಾಲಿಲ್ಲ.”

ಕಸ್ತೂರಿರಂಗನ ಬಾಯಿಗೆ ಹತ್ತು ಮಾತು ಬಂದವು. ಬೀಗದ ಕೈಯನ್ನು ಆ ಅಂಗೈಗೆ ಇಟ್ಟ. ಮೆಲ್ಲಗೆ ಇಡಲಿಲ್ಲ, ಅಷ್ಟೆ.

ವೇದವತಿ ಸ್ಕೂಟರಿನ ಹಿಂದೆ ಕೂತು, ಬಕೆಟ್ಟು ಮಡಿಲಲ್ಲಿಟ್ಟುಕೊಂಡು ಬಂದಳು. ಮದ್ದೂರು ಹತ್ತಿರ ಬಂದಾಗ, “ಎಸೆಯೋದಾ ಇದನ್ನ?” ಅಂದಳು. ಅವನು ಬೇಡ ಅಂತ ತಲೆ ಆಡಿಸಿದ. ಮನೆಗೆ ಬಂದು ಅವಳೇ ಅದನ್ನು ಹಿಂಡಿ, ಉದ್ದಕ್ಕೆ ಎಳೆದೂ ಎಳೆದೂ ತಂತಿಗೆ ಹಾಕಿದಳು.

ಒಂದು ವಾರ ವಾಜಿದ್ ಫೋನು ಮಾಡಿದ, ಇವನು ಎತ್ತಲಿಲ್ಲ. ಆಮೇಲೊಂದು ದಿನ ವಾಜಿದ್ ತಾನೇ ಇವನನ್ನು ಮತ್ತೆ ಗುಂಪಿಗೆ ಸೇರಿಸಿದ, ಇವನೂ ಸುಮ್ಮನಾದ. ಫೋಟೋ ಮಾತ್ರ ಹಾಕಲಿಲ್ಲ. ಪ್ಯಾಂಟು ಮೊಣಕಾಲಿನ ಹತ್ತಿರ ಬಿಗಿ, ಸೊಂಟದಲ್ಲಿ ಗುಂಡಿ ಕೂರುವುದಿಲ್ಲ. ಆದರೂ ಬೆಲ್ಟ್ ಬಿಗಿದು ಅದನ್ನೇ ತೊಟ್ಟು ಹೋದ. ಸೀಳಿದ ಜೇಬು ಗಾಳಿಗೆ ಪಟಪಟ ಅನ್ನುತ್ತಿತ್ತು. ಸ್ಕೂಟರ್ ಮೇಲೆ ಕೂತಾಗ, ಟೀ ಅಂಗಡಿಯಲ್ಲಿ ನಿಂತಾಗ, ಮನೆಯಲ್ಲಿ ಊಟಕ್ಕೆ ಕೂತಾಗಲೂ ಬಲಗೈ ತೊಡೆಗೆ ಹೋಗುತ್ತಿತ್ತು. ಅಲ್ಲಿ ಏನೂ ಇಲ್ಲ ಅನ್ನುವುದು ಪ್ರತಿ ಸಲವೂ ಹೊಸದಾಗಿ ತಿಳಿಯುತ್ತಿತ್ತು.

ಬೆಳಿಗ್ಗೆ ಚಿಕ್ಕಬೋರಯ್ಯನ ಮನೆ ಮುಂದೆ ಗಾಡಿ ನಿಲ್ಲಿಸಿ ಹಾರನ್ ಹೊಡೆಯಬೇಕಿತ್ತು. ಅದಕ್ಕಿಂತ ದೊಡ್ಡ ಅವಮಾನ ಅವನಿಗೆ ಗೊತ್ತಿರಲಿಲ್ಲ. ಅದಕ್ಕೇ, ಹಾರನ್ ಹೊಡೆಯುವುದು ತಪ್ಪಲಿ ಅಂತ ಶೋಭಿತಾ ಬಸ್ಸಿಗೆ ಹೊರಡುವ ಮೊದಲೇ, ನಸುಕಿಗೇ ಹೋಗತೊಡಗಿದ. ಅವಳು ಅರಿಶಿನ ಹಚ್ಚಿದ ತಟ್ಟೆಯಲ್ಲಿ ಬೀಗದ ಕೈ ಇಟ್ಟು ಗೇಟಿನ ತನಕ ತರುತ್ತಿದ್ದಳು.

ಒಂದು ದಿನ ತಟ್ಟೆ ಕೊಡದೆ ಅವನ ತೊಡೆ ನೋಡುತ್ತ ನಿಂತಳು.

“ಅಯ್ನೋರೆ, ಆ ಸೀಳಿರದ್ನ ಬೇರೆ ಕಡೆ ಒಲಿಸ್ಬೇಡಿ. ಭಾನ್ವಾರ ತಂದ್ಕೊಡಿ, ಒಳಗಡೆಯಿಂದ ಬಿಳಿ ದಾರದಲ್ಲಿ ಏಣಿ ಮೆಟ್ಲಂಗೆ ಒಲಿಗೆ ಆಕ್ಕೊಡ್ತೀನಿ. ಸೀಳಿದ್ದೂ ಕಾಣ್ಲಿ, ಸಂಕನೂ ಕಾಣ್ಲಿ.”

“ನೀನೇ ಹೊಲೀತೀಯ?”

“ಊ. ಆದ್ರೆ ಒಗೆದು ತನ್ನಿ. ಅಪ್ಪ ಮನೆಯೊಳಕ್ಕೆ ಬುಡಕಿಲ್ಲ.”

ಕಸ್ತೂರಿರಂಗನಿಗೆ ಸಿಟ್ಟೂ ಬಂತು, ನಗುವೂ ಬಂತು. ಗಾಡಿ ಆರಿಸಿರಲಿಲ್ಲ, ಇಂಜಿನ್ ದಡದಡ ಅನ್ನುತ್ತಿತ್ತು. ಬಲಗೈ ತೊಡೆಯಿಂದ ತೆಗೆದು ತಟ್ಟೆಯ ಕಡೆ ಚಾಚಿದ.

“ಮೊದಲು ಅದನ್ನ ಕೊಡಮ್ಮ,” ಅಂದ. “ಅಲ್ಲಿ ಗುಡಿಯಲ್ಲಿ ಅವನಿಗೆ ಹೊತ್ತಾಯ್ತು.”